ಜವರಯ್ಯ ಮಾಸ್ಟರ ಜಾಝು

ಕೆ.ಆರ್.ನಗರದ ಬ್ಯಾಂಡ್‌ಸೆಟ್ಟಿನ ಜವರಯ್ಯ ಮಾಸ್ಟರು ಸುಡುಬೇಸಿಗೆಯಲ್ಲೂ ಜರಿಗೊಂಡೆಯ ಕೆಂಪು ಕೋಟು ಬಿಚ್ಚುವವರಲ್ಲ, ಸ್ಯಾಕ್ಸೊಫೋನನ್ನು ಹೆಂಡತಿಯ ರೇಷ್ಮೆ ಸೀರೆಯ ತುಂಡಿನಿಂದಲ್ಲದೆ ಬೇರೆಯದರಿಂದ ಒರೆಸುವವರೂ ಅಲ್ಲ. ಪ್ರಾಯದಲ್ಲಿ ಕಾಕನಕೋಟೆಯ ಕಾಡಂಚಿನ ಹೋಟೆಲಿನಲ್ಲಿ ನುಡಿಸುತ್ತಿದ್ದಾಗ ಪರದೇಶದ ಅತಿಥಿಯೊಬ್ಬ ಕೊಟ್ಟುಹೋದ ಕ್ಯಾಸೆಟ್ಟಿನಿಂದ ಅವರಿಗೆ ಜಾಝ್, ಬ್ಲೂಸ್‌ಗಳ ಹುಚ್ಚು ಹಿಡಿಯಿತು, ಇನ್ನೂ ಬಿಟ್ಟಿಲ್ಲ. ದಿಬ್ಬಣದವರು ಕೇಳಿದ ಸಿನಿಮಾ ಹಾಡನ್ನೇ ಶುರು ಮಾಡುತ್ತಾರೆ. ಎರಡನೇ ಸಾಲಿಗೆ ಅದು ಅಡ್ಡದಾರಿ ಹಿಡಿದು, ಮದುಮಗ ಛತ್ರ ತಲುಪಿ ಕಾಲು ತೊಳೆಸಿಕೊಂಡರೂ ಪಲ್ಲವಿ ವಾಪಸು ಬಂದಿರುವುದಿಲ್ಲ. ಬೀಗರು ಸಿಡುಕಿದರೆ, "ದಾರಿ ತಪ್ಪಿದ್ ಮ್ಯಾಲೂ ಮನೆ ಸೇರ್ಕತದಲ್ಲಾ, ಅದೇ ಜಾಝು ಕಣ್ರೀ" ಎಂದು ನಗುತ್ತಾರೆ. ಮೂವತ್ತು ವರ್ಷ ಅವರ ಪಕ್ಕದಲ್ಲಿ ಕ್ಲಾರಿನೆಟ್ ಊದಿದ ಗೆಳೆಯ ಸ್ವಾಮಿಗೆ ಹೋದ ವರ್ಷ ಲಕ್ವ ಹೊಡೆದು ಬೆರಳು ಆಡದಾಯಿತು. "ಬ್ಯಾರೆಯೋರ್ನ ಹಾಕ್ಕೊ ಬುಡ್ಲಾ" ಎಂದು ಸ್ವಾಮಿಯೇ ಹೇಳಿದ. ಮಾಸ್ಟರು ಕೇಳಲಿಲ್ಲ. ಈಗಲೂ ಛತ್ರದಲ್ಲಿ ಸ್ವಾಮಿ ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬ್ಯಾಂಡಿನ ನಡುವೆ ಕೂರುತ್ತಾನೆ. ಅವನ ಸರದಿ ಬಂದಾಗ ಮಾಸ್ಟರು ಕೈಯೆತ್ತಿ ಎಲ್ಲ ವಾದ್ಯಗಳನ್ನೂ ನಿಲ್ಲಿಸುತ್ತಾರೆ, ಸ್ವಾಮಿ ಕಣ್ಣು ಮುಚ್ಚಿ ತಲೆಯಾಡಿಸುತ್ತಾನೆ. ಮೊನ್ನೆ ಹುಣಸೂರಿನ ಮದುವೆಯಲ್ಲಿ ಹೆಣ್ಣಿನ ಅಪ್ಪ ಓಡಿಬಂದು, "ಯಾಕ್ರೀ ನಿಲ್ಲಿಸ್ಬುಟ್ರಿ?" ಎಂದು ಕೇಳಿದರೆ, ಮಾಸ್ಟರು ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು: "ವಸಿ ಸುಮ್ಕಿರಿ, ಸ್ವಾಮಿ ನುಡಿಸ್ತಾವ್ನೆ."