ಗೌರತ್ತೆ ಹೊಲಿದ ಕಪ್ಪು ಉಡುಪು

ನೈಲಾನು ಸುಡುವ ವಾಸನೆಯಲ್ಲಿ ಒಂದು ಬಗೆಯ ಕೆಟ್ಟ ಸಿಹಿ ಇದೆ. ಹತ್ತಿಯಂತೆ ಅದು ಉರಿದು ಬೂದಿಯಾಗುವುದಿಲ್ಲ. ಕರಗಿ, ತೊಟ್ಟಿಕ್ಕಿ, ಗಂಟಲಲ್ಲಿ ಅಂಟಿಕೊಂಡು ಕೂರುತ್ತದೆ. ಕಳೆದ ವಾರ ನನ್ನ ಮೊಮ್ಮಗಳು ವ್ಯಾಯಾಮಕ್ಕೆ ತೊಡುವ ತನ್ನ ಮೈಗಂಟಿದ ಕಪ್ಪು ಉಡುಪಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ತುಸು ಹೆಚ್ಚು ಹೊತ್ತು ಒತ್ತಿದಳು. ವಾಸನೆ ಅಡುಗೆಮನೆಗೆ ಬಂದಾಗ ನಾನು ಸೌಟು ಹಿಡಿದವಳು ಹಾಗೆಯೇ ನಿಂತುಬಿಟ್ಟೆ. ಲಗ್ಗೆರೆಯ ನಮ್ಮ ಹಳೆಯ ಮನೆಯ ಬಚ್ಚಲೊಲೆಯ ಮುಂದೆ, ಹತ್ತು ವರ್ಷದವಳಾಗಿ ನಿಂತಿದ್ದೆ. ಆ ಹೆಂಚಿನ ಮನೆ ಈಗಿಲ್ಲ, ಹಿತ್ತಿಲ ಹುಣಸೆಮರವಿಲ್ಲ, ಪೀಣ್ಯದ ಕಾರ್ಖಾನೆಗಳ ಸೈರನ್ನಿಗೆ ದನ ಬಿಚ್ಚುತ್ತಿದ್ದ ಅಪ್ಪನೂ ಇಲ್ಲ. ನಿಮ್ಮ ಮನೆಯೂ ಹೀಗೆಯೇ ಯಾವುದೋ ಕಟ್ಟಡದ ಅಡಿಗೆ ಹೋಗಿರಬಹುದು. ಮನೆ ಹೋದ ಮೇಲೂ ಅದರ ವಾಸನೆ ಹೋಗುವುದಿಲ್ಲವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಗೌರತ್ತೆ ಅಪ್ಪನ ತಂಗಿ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಬಿಟ್ಟು ಬಂದವಳು. ಅವನು ಕುಡಿದು ಬಂದು ಸೆರಗು ಹಿಡಿದು ಬೀದಿಯವರೆಗೆ ಎಳೆದಾಡುತ್ತಿದ್ದ. ಓಲೆಯ ಸಮೇತ ಹರಿದುಹೋದ ಅವಳ ಎಡಗಿವಿ ಕೊನೆಯವರೆಗೂ ಕೂಡಿಕೊಳ್ಳಲಿಲ್ಲ. ತವರಿಗೆ ಬಂದವಳು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣದ ಪಟ್ಟಿಗಳಿಗೆ ತೂತು ಕೊರೆಯುವ ಕೆಲಸ ಹಿಡಿದಳು. ಜಾಲಹಳ್ಳಿಯ ಬಾಡಿಗೆ ಪುಸ್ತಕದಂಗಡಿಯಿಂದ ಪತ್ತೇದಾರಿ ಕಾದಂಬರಿಗಳನ್ನು ತರುತ್ತಿದ್ದಳು. ಎಲ್ಲದರ ರಕ್ಷಾಪುಟದ ಮೇಲೂ ಅದೇ ಒಬ್ಬ ಕಳ್ಳಿ: ಕತ್ತಿನಿಂದ ಹಿಮ್ಮಡಿಯವರೆಗೆ ಚರ್ಮದಂತೆ ಅಂಟಿದ ಕಪ್ಪು ಉಡುಪು, ಕೈಯಲ್ಲಿ ಪಿಸ್ತೂಲು, ಹಿಂದೆ ಬೆನ್ನಟ್ಟುವ ಗಂಡಸರು. ಏಳನೇ ತರಗತಿಯಾಚೆಗೆ ಶಾಲೆ ಕಾಣದ ನಾನು ನಿಜವಾಗಿ ಓದಲು ಕಲಿತದ್ದು ಆ ಪುಸ್ತಕಗಳಿಂದಲೇ. ಅಚ್ಚಾದದ್ದನ್ನು ನಂಬಬಾರದೆಂದು ಕಲಿತದ್ದೂ ಅವುಗಳಿಂದಲೇ. ಜೇಬೇ ಇಲ್ಲದ ಉಡುಪಿನಲ್ಲಿ ಕದ್ದ ವಜ್ರವನ್ನು ಆಕೆ ಎಲ್ಲಿಡುತ್ತಾಳೆ? ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಗೋಡೆಯ ನೀರಿನ ಕೊಳವೆ ಹತ್ತುವುದು ಹೇಗೆ? ಬರೆದವರಿಗೆ ಆಕೆಯ ಮೈಮಾಟ ಬೇಕಿತ್ತೇ ಹೊರತು ಇಂಥ ಲೆಕ್ಕಾಚಾರವಲ್ಲ. ನಮ್ಮ ಊರಿನ ಹಿರಿಯರ ಕತೆಗಳಲ್ಲಿ ಕಳ್ಳರು ಹಿಡಿದರೆ ಜಾರುವಂತೆ ಮೈಗೆ ಹರಳೆಣ್ಣೆ ಬಳಿದುಕೊಂಡು ಬರುತ್ತಿದ್ದರು. ಅಂಥವನನ್ನು ಕಣ್ಣಾರೆ ಕಂಡವರು ಯಾರೆಂದು ಕೇಳಿದೆ; ಒಬ್ಬರೂ ಸಿಗಲಿಲ್ಲ.

ಗೌರತ್ತೆ ಮಾತ್ರ ಆ ಚಿತ್ರದಲ್ಲಿ ಬೇರೆಯದನ್ನು ಕಂಡಳು. ನನಗೆ ಹತ್ತು ವರ್ಷವಾಗಿದ್ದ ಬೇಸಿಗೆಯಲ್ಲಿ ಅವಳ ಪಕ್ಕದ ಯಂತ್ರದಲ್ಲಿದ್ದ ರತ್ನ ಎಂಬ ಹುಡುಗಿಯ ಜಡೆ ಗಿರಗಿರನೆ ತಿರುಗುವ ಬೈರಿಗೆಯ ಮೊನೆಗೆ ಸುತ್ತಿಕೊಂಡು, ನೆತ್ತಿಯ ಚರ್ಮ ಕೂದಲ ಸಮೇತ ಕಿತ್ತುಬಂದಿತ್ತು. ಅತ್ತೆ ಸೀರೆಯ ತುಂಬ ರಕ್ತ ಮಾಡಿಕೊಂಡು ಮನೆಗೆ ಬಂದು, ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಎಲ್ಲಿಂದಲೋ ಹಿಗ್ಗುವ ಕಪ್ಪು ನೈಲಾನಿನ ತುಂಡುಗಳನ್ನು ತಂದು, ಕಾದಂಬರಿಯ ರಕ್ಷಾಪುಟವನ್ನು ಮುಂದಿಟ್ಟುಕೊಂಡು ಹೊಲಿಯತೊಡಗಿದಳು. ಹೊಲಿದು ಮುಗಿದಂದು ಕೋಣೆಯ ಅಗುಳಿ ಹಾಕಿ, ತೊಟ್ಟುಕೊಂಡು, ಜಡೆಯನ್ನು ಬಟ್ಟೆಯೊಳಗೆ ತುರುಕಿ ನನ್ನ ಮುಂದೆ ನಿಂತಳು.

“ಎಲ್ಲಿ ಪುಟ್ಟಿ, ನನ್ನ ಇಡ್ಕೋ ನೋಡಾನ.”

ನಾನು ತೋಳು, ಬೆನ್ನು, ಸೊಂಟ ಎಲ್ಲವನ್ನೂ ಹಿಡಿಯಲು ನೋಡಿದೆ. ಬೆರಳಿಗೆ ಒಂದು ನೆರಿಗೆಯೂ ಸಿಗದೆ ಕೈ ಜಾರಿತು.

“ನಿನ್ ಕೈಗೇ ಸಿಗ್ದಿದ್ದು ಮಿಷಿನ್ಗೆ ಸಿಕ್ತದಾ?” ಎಂದು ನಕ್ಕಳು.

ದಿನವೂ ಸೀರೆಯುಟ್ಟು ಹೋಗಿ, ಅಲ್ಲಿ ಉಗ್ರಾಣದ ಹಿಂದೆ ಬಟ್ಟೆ ಬದಲಿಸಿ ಯಂತ್ರದ ಮುಂದೆ ನಿಲ್ಲುತ್ತಿದ್ದಳು. “ಏನಕ್ಕಾ, ಇವತ್ತು ಯಾವ ಬ್ಯಾಂಕಿಗೆ ಕನ್ನ?” ಎಂದು ಗಂಡಸರು ಕೆಣಕಿದರಂತೆ. “ನಿಮ್ಮನೆಗೇ ಕಣ್ರೋ. ಕದಿಯೋ ಅಂತದ್ದು ಏನಾನಾ ಐತಾ?” ಎಂದಳಂತೆ ಇವಳು. ವಾರ ಕಳೆಯುವಷ್ಟರಲ್ಲಿ ಅವರ ಬಾಯಿ ಮುಚ್ಚಿತು.

ನಮ್ಮ ಕಡೆ ಹೆಂಗಸರ ಒಳಬಟ್ಟೆಗಳನ್ನು ಹಿತ್ತಿಲಲ್ಲಿ ಸೀರೆಯ ಮರೆಯಲ್ಲಿ ಒಣಹಾಕುವುದು ವಾಡಿಕೆ. ಭಾನುವಾರಗಳಂದು ಅತ್ತೆ ಆ ಉಡುಪನ್ನೂ ಹಾಗೆಯೇ ಒಣಗಿಸುತ್ತಿದ್ದಳು. ಮೋಡ ಕವಿದಿದ್ದ ಒಂದು ಭಾನುವಾರ ಹುಣಸೆಮರದ ನೆರಳಿನಲ್ಲಿ ಅದು ಒಣಗಲಿಲ್ಲ. ನಾಳೆಗೆ ಹಸಿಯಾಗಿಯೇ ಉಳಿದೀತೆಂದು ನಾನು ಅವಳನ್ನು ಕೇಳದೆ ಅದನ್ನು ಬೀದಿಬದಿಯ ತಂತಿಗೆ, ಗಾಳಿ ಬೀಸುವಲ್ಲಿಗೆ ತಂದು ಹಾಕಿದೆ. ಕೈಕಾಲು ಚಾಚಿದ ಆ ಕಪ್ಪು ಆಕಾರ ಗಾಳಿಗೆ ಆಡುತ್ತಿತ್ತು. ಹಿಂದಿನ ವಾರವಷ್ಟೇ ಎದುರುಮನೆಯ ಪಂಪಿನ ಮೋಟರು ಕಳುವಾಗಿತ್ತು. ಜನ ನೆರೆದರು. “ಕಳ್ಳರ ಬಟ್ಟೆ ನಿಮ್ಮನೆ ತಂತಿ ಮ್ಯಾಲೆ ಒಣಗ್ತಾ ಐತಲ್ಲ ಗೌಡ್ರೇ” ಎಂದು ಯಾರೋ ಹೊಲದಲ್ಲಿದ್ದ ಅಪ್ಪನಿಗೆ ಮುಟ್ಟಿಸಿದರು.

ಅಪ್ಪ ಎತ್ತು ಹೊಡೆಯುವ ಬಾರುಕೋಲನ್ನು ಕೆಳಗಿಡದೆಯೇ ಮನೆಗೆ ಬಂದ. “ಯಾರಮ್ಮಿ ಇದನ್ನ ಬೀದಿಗೆ ಆಕಿದ್ದು?” ಎಂದು ಗುಡುಗಿದ. ಅತ್ತೆ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. “ನಾನೇ ಕಣಣ್ಣ” ಎಂದಳು. ಅವನು ಅವಳ ಸೆರಗನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಬಚ್ಚಲವರೆಗೆ ಎಳೆದ. ಬಾರು ಬಿದ್ದಲ್ಲೆಲ್ಲ ರವಿಕೆ ಹರಿದು ಚರ್ಮ ಬಾಯಿಬಿಟ್ಟಿತು. ಎಷ್ಟು ಏಟು ಬಿತ್ತೆಂದು ಎಣಿಸಿದವರಿಲ್ಲ. ಆಮೇಲೆ ಅಪ್ಪ ಉಡುಪಿನ ಮೇಲೆ ಸೀಮೆಎಣ್ಣೆ ಸುರಿದು ಒಲೆಗೆ ತುರುಕಿದ. ನೈಲಾನು ಕರಗಿ ಉರಿಯುವ ಹನಿಗಳಾಗಿ ಬಿತ್ತು. ನಾನು ಬಾಯಿ ಬಿಡಲಿಲ್ಲ.

ಮರುದಿನ ಬೆನ್ನಿನ ಗಾಯಗಳ ಮೇಲೆ ಸೀರೆಯುಟ್ಟು ಅತ್ತೆ ಕೆಲಸಕ್ಕೆ ಹೋದಳು. ಮಧ್ಯಾಹ್ನದ ಸೈರನ್ನಿಗೆ ಮುಂಚೆಯೇ ಸುದ್ದಿ ಬಂತು. ಮೋಟರಿನ ಬೆಲ್ಟು ಅವಳ ಬಲಗೈಯನ್ನು ಒಳಗೆಳೆದು, ಮೊಣಕೈಯವರೆಗೆ ಅರೆದುಹಾಕಿತ್ತು.

ಅವಳು ಕಾದಂಬರಿ ಓದುತ್ತಾ ಯಂತ್ರಕ್ಕೆ ಕೈ ಕೊಟ್ಟಳೆಂದು ನಮ್ಮ ಬಂಧುಬಳಗ ಇಂದಿಗೂ ಹೇಳುತ್ತದೆ. ಮೊದಲು ಹಾಗೆಂದವನು ಅಪ್ಪ. ಹಾಗೆನ್ನದೆ ಅವನಿಗೆ ಆ ಮನೆಯಲ್ಲಿ ಉಣ್ಣಲಾಗುತ್ತಿರಲಿಲ್ಲವೇನೋ. ಆಸ್ಪತ್ರೆಯಿಂದ ಬಂದ ಬಟ್ಟೆಯ ಗಂಟನ್ನು ಬಿಚ್ಚಿ ಒಗೆದವಳು ನಾನು. ಸೆರಗು ಹಗ್ಗದಂತೆ ಹೊಸೆದುಕೊಂಡು, ಬೆಲ್ಟಿನ ಕಪ್ಪು ಜಿಡ್ಡು ಮೆತ್ತಿ, ಅರ್ಧಕ್ಕೆ ಹರಿದಿತ್ತು. ಇನ್ನು ಕಾದಂಬರಿ: ಅವಳು ಆಗ ತಂದಿದ್ದ ಒಂದೇ ಒಂದು ಪುಸ್ತಕ ಆ ಸೋಮವಾರವಿಡೀ ನನ್ನ ಚಾಪೆಯ ಕೆಳಗಿತ್ತು. ಅದನ್ನು ಹೇಳಹೊರಟರೆ ಅವಳು ಅಂದು ಸೀರೆಯಲ್ಲೇ ಏಕೆ ದುಡಿದಳೆಂದೂ, ತಂತಿಯ ಮಾತನ್ನೂ ಹೇಳಬೇಕಾಗುತ್ತಿತ್ತು. ಎಲ್ಲರ ಕತೆಗೂ ಸಾಕ್ಷಿ ಕೇಳುತ್ತಾ ಮುದುಕಿಯಾದ ನಾನು ನನ್ನ ಬಳಿಯಿದ್ದ ಸಾಕ್ಷಿಯನ್ನು ಐವತ್ತು ವರ್ಷ ಬಚ್ಚಿಟ್ಟೆ.

ಆಮೇಲಿನ ವರ್ಷಗಳಲ್ಲಿ ಅವಳಿಗೆ ನಾನೇ ಓದಿ ಹೇಳುತ್ತಿದ್ದೆ. ಪುಟ ತಿರುವುವುದು ಅವಳ ಎಡಗೈಯ ಕೆಲಸ. ಕೊನೆಯ ಪುಟದಲ್ಲಿ ಕಪ್ಪು ಉಡುಪಿನವಳು ಪ್ರತಿ ಸಲವೂ ಸಿಕ್ಕಿಬೀಳುತ್ತಿದ್ದಳು. “ಸುಳ್ಳು ಬರ್ದವ್ರೆ ಕಣೆ,” ಎನ್ನುತ್ತಿದ್ದಳು ಅತ್ತೆ, “ತೊಟ್ಟು ನೋಡಿಲ್ಲ ಅವ್ರು.” ತಂತಿಯ ಮಾತನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ನಾನು ಎತ್ತಬೇಕೆಂದುಕೊಂಡ ಚಳಿಗಾಲದಲ್ಲಿ ತೀರಿಕೊಂಡಳು.

ಸುಟ್ಟ ಕಲೆಯಿದ್ದ ಉಡುಪನ್ನೇ ತೊಟ್ಟು ಮೊಮ್ಮಗಳು ಹೊರಡಲು ಅಣಿಯಾದಳು. ಬಾಗಿಲ ಬಳಿ ನಾನು ಕೈ ಚಾಚಿ ಅವಳ ಬೆನ್ನಿನ ಬಟ್ಟೆಯನ್ನು ಹಿಡಿಯಲು ನೋಡಿದೆ. ಒಮ್ಮೆ, ಇನ್ನೊಮ್ಮೆ. ಬೆರಳು ಜಾರಿತು.

“ಏನಜ್ಜಿ?” ಎಂದಳು.

“ಏನಿಲ್ಲ, ಹೋಗ್ಬಾ” ಎಂದೆ.