ನಾ ಯಾರು ಹೇಳು ನೋಡೂಣು

ಗೆಳೆಯರೇ, ಕಾಲೇಜಿನ ಪಂದ್ಯದಲ್ಲಿ ಹಾಕಿ ಚೆಂಡು ತಲೆಗೆ ಬಡಿದು ಹತ್ತಿಮತ್ತೂರಿನ ಮನೆಯಲ್ಲಿ ಮಲಗಿದ್ದೇನೆ. ತಲೆನೋವು ಇಳಿದಿದೆ, ನೋಡಲು ಬರುವವರ ಕಾಟ ಇಳಿದಿಲ್ಲ. ಎಲ್ಲರದೂ ಒಂದೇ ಪರೀಕ್ಷೆ: "ನಾ ಯಾರು ಹೇಳು ನೋಡೂಣು."

ಇಂದು ಮಧ್ಯಾಹ್ನ ಹಂಸಭಾವಿಯಿಂದ ಚಕ್ಕಡಿಯಲ್ಲಿ ಬಂದ ಅಪ್ಪನ ಗೆಳೆಯರೊಬ್ಬರೂ ಅದನ್ನೇ ಕೇಳಿದರು. ಅವರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. "ಗೊತ್ತಿಲ್ರಿ" ಎಂದೆ.

ಅವರು ಅಪ್ಪನ ಕಡೆ ತಿರುಗಿ, "ತಲಿ ಇನ್ನೂ ನೆಟ್ಟಗಾಗಿಲ್ಲ. ಈಗ ಧಾರವಾಡಕ್ಕ ಕಾಲೇಜಿಗೆ ಕಳಸಬ್ಯಾಡ್ರಿ" ಎಂದರು. ಅಪ್ಪ ಒಪ್ಪಿಬಿಟ್ಟರು.

ಸಂಜೆ ಇನ್ನೊಬ್ಬರು ಹೊಸ್ತಿಲು ದಾಟುತ್ತಲೇ ನಾನೇ ಮುಂದಾಗಿ, "ಬರ್ರಿ ಕಾಕಾ, ನಿಮ್ಮನ್ನ ಮರಿಯಾಕ ಆಗತೈತೇನ್ರಿ?" ಎಂದೆ.

ಅವರು ಶಾಲೆಯ ಹೊಸ ಮಾಸ್ತರರು. ನಮ್ಮೂರಿಗೆ ಕಾಲಿಟ್ಟಿದ್ದೇ ಇಂದು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈ ವರ್ಷ ನನ್ನ ಹಾಕಿ ಕೋಲನ್ನು ನಿಮ್ಮಲ್ಲೇ ಯಾರಾದರೂ ಬಳಸಿಕೊಳ್ಳಿ.