ಬರೀ ತಗಡಿನ ಮೇಲೆ ಹರವಿದ ಮೆಣಸಿನಕಾಯಿ

ಶಿವಾನಂದ, ಆ ಕಾರು ಕೆಡಿಸಿದಾಕಿ ನಾನು. ನೀನಲ್ಲ. ಟಾಪಿನ ಬಣ್ಣ ಗುಳ್ಳೆ ಎದ್ದದ್ದು ನೀನು ತಗಡಿನಲ್ಲಿ ತುಕ್ಕು, ಜಂಗು ಬಿಟ್ಟಿದ್ದಕ್ಕಲ್ಲ — ನಾನು ಅಲ್ಲಿ ಮಜ್ಜಿಗಿ ಮೆಣಸಿನಕಾಯಿ ಒಣಹಾಕಿದ್ದೆ. ಹಾಕಿದ್ದು ಒಂದು ತಪ್ಪು. ಹಾಕಿಲ್ಲ ಅಂದದ್ದು ಇನ್ನೊಂದು. ಎರಡನೇದು ದೊಡ್ಡದು.

ನಿನಗೆ ಗೊತ್ತಿದ್ದದ್ದನ್ನೂ ಬರೆಯುತ್ತೇನೆ, ಸಿಟ್ಟಾಗಬೇಡ. ನಿನ್ನ ಹೆಸರು ಕೆಟ್ಟದ್ದು ಊರಿನ ಬಾಯಲ್ಲಿ. ಊರೂ ಓದಲಿ.

ನೀನು, ನನ್ನ ಮಗ ಮಲ್ಲೇಶಿ, ಇಬ್ಬರೂ ರಾಣೆಬೆನ್ನೂರಿನ ಒಂದೇ ಗ್ಯಾರೇಜಿನಲ್ಲಿ ಕೆಲಸ ಕಲಿತವರು. ಅವನದು ಗಾಡಿ ತಗಡಿನ ತಗ್ಗು ಎತ್ತೋದು, ಬಣ್ಣ ಹೊಡೆಯೋದು. ನಿನ್ನದು ಜಂಗು — ಕೆರೆದು, ತಿಕ್ಕಿ, ತೊಳೆದು, ತಗಡನ್ನು ಹೊಸದು ಮಾಡಿ ಅವನ ಕೈಗೆ ಕೊಡೋದು. ಇಬ್ಬರೂ ಸೇರಿ ಸ್ವಂತ ಗ್ಯಾರೇಜು ಹಾಕುತ್ತೇವೆ ಅಂತಿದ್ದಿರಿ. ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಅಂತ ನನ್ನ ಒಲೆ ಮುಂದೆ ಕುಂತು ಜಗಳ ಆಡುತ್ತಿದ್ದಿರಿ. "ಅವ್ವನ ಹೆಸರ ಮೊದಲ ಹಾಕೂಣು ಬಿಡೋ, ರೊಟ್ಟಿ ತಿನ್ನೂದು ಆಕೀದ" ಅಂತಿದ್ದಿ ನೀನು. ನಿಮ್ಮೂರು ಕದರಮಂಡಲಗಿಯಿಂದ ಮುಂಜಾನೆ ಬಂದರೆ ಹೊತ್ತು ಮುಳುಗುವ ತನಕ ನಮ್ಮಲ್ಲೇ. ನನ್ನ ಮಗನಿಗಿಂತ ಎರಡು ರೊಟ್ಟಿ ಹೆಚ್ಚೇ ತಿಂದೀದಿ.

ಆಗ ಹಾವೇರಿ ವಕೀಲರ ಅಂಬಾಸಿಡರ್ ಬಂತು. ಅವರ ಅಪ್ಪನ ಕಾಲದ ಗಾಡಿ. ಹುಣಸೆ ಗಿಡದ ಬುಡಕ್ಕೆ ನಿಂತು ನಿಂತು ತಳ ತೂತು ಬಿದ್ದಿತ್ತು. ಬಾಗಿಲು ಮುಟ್ಟಿದರೆ ಕೆಂಪು ಪುಡಿ ಉದುರುತ್ತಿತ್ತು. ಇದನ್ನು ಚೆಂದ ಮಾಡಿ ಕೊಡಿರಿ, ಕೋರ್ಟಿನ ಮಂದಿಯ ಗಾಡಿಗಳನ್ನೆಲ್ಲ ನಿಮ್ಮ ಕಡೆಗೇ ಕಳಿಸುತ್ತೇನೆ ಅಂದಿದ್ದರು ವಕೀಲರು. ಗ್ಯಾರೇಜು ಇನ್ನೂ ಇರಲಿಲ್ಲ. ಬ್ಯಾಡಗಿಯ ನಮ್ಮ ಹಿತ್ತಲೇ ಗ್ಯಾರೇಜು ಆಯಿತು.

ಹಿತ್ತಲು ನನ್ನದು. ಬೇಸಿಗೆ ಬಂತೆಂದರೆ ಅಲ್ಲಿ ನನ್ನ ಹಪ್ಪಳ, ಸಂಡಿಗಿ, ಮೆಣಸಿನಕಾಯಿ. ಆ ವರ್ಷ ಗಾಡಿ ಬಂದು ಕುಂತಿತು. ನೆಲಕ್ಕೆ ಹರವಿದರೆ ನಿಮ್ಮ ಜಂಗಿನ ಧೂಳು, ಮಾಳಿಗಿಗೆ ಹಾಕಿದರೆ ಮಂಗಗಳು. ಒಳಗೊಳಗೇ ಕುದಿಯುತ್ತಿದ್ದೆ.

ನೀನು ಹೇಳಿದ್ದಿ. ಹೇಳಿಲ್ಲ ಅಂತ ನಾನು ಅನ್ನೋದಿಲ್ಲ.

"ಅವ್ವಾ, ಬರೀ ತಗಡಿಗೆ ಕೈ ಸೈತ ಹಚ್ಚಬ್ಯಾಡ್ರಿ. ಬೆವರಿನ ಉಪ್ಪಿಗೂ ಜಂಗು ಹಿಡೀತೈತಿ."

ತಗಡಿಗೂ ಮಡಿ ಮಾಡತಾನ ಇವ ಅಂತ ನಕ್ಕಿದ್ದೆ.

ಜಂಗು ಪೂರಾ ಹೋಗಿ ಟಾಪಿನ ಬರೀ ತಗಡು ಬೆಳ್ಳಗಾದ ದಿನ ನೀವಿಬ್ಬರೂ ರಾಣೆಬೆನ್ನೂರಿಗೆ ಪ್ರೈಮರ್ ತರಲಿಕ್ಕೆ ಹೋದಿರಿ — ಬಣ್ಣಕ್ಕಿಂತ ಮೊದಲು ಹೊಡೆಯೋದು. ಉಪ್ಪು ಮಜ್ಜಿಗಿಯಲ್ಲಿ ನೆನೆದ ಮೆಣಸಿನಕಾಯಿ ಬುಟ್ಟಿಯಲ್ಲಿ ಕುಂತಿದ್ದವು. ಆ ಬಿಸಿಲಿಗೆ ತಗಡು ಹಂಚಿನಂತೆ ಕಾದಿತ್ತು. ಹಳೇ ಧೋತರ ಹಾಸಿದೆ, ಹರವಿದೆ. ಎಷ್ಟು ಲಗೂ ಒಣಗಿದವು ಅಂದರೆ — ನನಗೆ ಖುಷಿಯೇ ಆಯಿತು. ಅದನ್ನೂ ಹೇಳಿಬಿಡುತ್ತೇನೆ.

ಧೋತರ ಎತ್ತಿದಾಗ ತಗಡಿನ ಮೇಲೆ ಕಂದು ಕಲೆ. ಒಂದೊಂದೂ ಕಾಯಿಯಷ್ಟು ಉದ್ದ, ಸಾಲಾಗಿ. ಹಸಿ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ನಿನ್ನ ಪಾಲಿಶ್ ಕಾಗದ ಅಲ್ಲೇ ಬಿದ್ದಿತ್ತು, ತಿಕ್ಕಿದೆ. ಹೊಳೆಯಿತು. ಮುಗೀತು ಅಂದುಕೊಂಡೆ.

ನೀನು ಬಂದವನೇ ಗಾಡಿ ಸುತ್ತ ಒಂದು ಸುತ್ತು ಹಾಕಿದಿ. ಏನು ಕಂಡಿತೋ — ಬಗ್ಗಿ ನೋಡಿದಿ.

"ಅವ್ವಾ, ಯಾರರ ಮುಟ್ಟಿದ್ರೇನು? ಮುಟ್ಟಿದ್ರ ಮತ್ತೊಮ್ಮೆ ತೊಳೀತೇನಿ."

"ಯಾರ ಮುಟ್ಟತಾರೋ? ನಾ ಇಲ್ಲೇ ಕುಂತೇನಿ."

ನೀನು ನಂಬಿದಿ. ತೊಳೆಯಲಿಲ್ಲ. ಮಲ್ಲೇಶಿ ಪ್ರೈಮರ್ ಹೊಡೆದ, ಮೇಲೆ ಬಿಳಿ ಬಣ್ಣ ಹೊಡೆದ. ವಕೀಲರು ಗಾಡಿ ಒಯ್ಯುವಾಗ ಓಣಿಯೆಲ್ಲ ನಿಂತು ನೋಡಿತು.

ಮಳೆಗಾಲ ಮುಗಿಯೋದರೊಳಗೆ ಗಾಡಿ ತಿರುಗಿ ಬಂತು. ಟಾಪಿನ ತುಂಬ ಗುಳ್ಳೆ. ಮಲ್ಲೇಶಿ ಒಂದನ್ನು ಉಗುರಿನಿಂದ ಒಡೆದ, ಕೆಂಪು ನೀರು ಬಂತು. ವಕೀಲರು ಒದರಾಡಲಿಲ್ಲ. ಬೇರೆಯವರ ಗಾಡಿ ಕಳಿಸೋದಿಲ್ಲ, ಅಷ್ಟೇ ಅಂದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗುಳ್ಳೆಗಳು ಬೆರಳುದ್ದ, ಸಾಲಾಗಿ — ನಾನು ಹರವಿದ ಹಾಗೇ.

ಮಲ್ಲೇಶಿ ನಿನಗೆ ಹೊಡೆದ. ಜಂಗು ತೆಗೆಯೋದು ನಿನ್ನ ಕೆಲಸ, ಮೈಗಳ್ಳತನ ಮಾಡೀದಿ ಅಂದ. ನೀನು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಿ.

"ಅವ್ವಾ, ನೀವು ಇಲ್ಲೇ ಇದ್ರಿ. ಖರೇನ ಯಾರೂ ಮುಟ್ಟಿದ್ದಿಲ್ಲೇನ್ರಿ?"

"ಇಲ್ಲೋ" ಅಂದೆ.

"ಹಂಗಾರ ತಪ್ಪು ನಂದ ಇರಬೇಕು" ಅಂದಿ. ಚೀಲ ತೊಗೊಂಡು ಹೋದಿ.

ಯಾಕೆ ಹೇಳಲಿಲ್ಲ ಅಂತ ಕೇಳಿದರೆ — ವಕೀಲರಿದ್ದರು, ಸೊಸೆ ನಿಂತಿದ್ದಳು, ಒಮ್ಮೆ ಇಲ್ಲ ಅಂದಾಗಿತ್ತು. ಅಷ್ಟೇ. ಇದರಾಚೆ ಹುಡುಕಿದರೆ ಏನೂ ಸಿಗೋದಿಲ್ಲ. ನನ್ನ ಮಾತು ಉಳೀಬೇಕಿತ್ತು, ನಿನ್ನ ಹೆಸರು ಹೋಯಿತು.

ಮಲ್ಲೇಶಿ ರಾಣೆಬೆನ್ನೂರಿನ ಗ್ಯಾರೇಜುಗಳಲ್ಲೆಲ್ಲ ಹೇಳಿಕೊಂಡು ಬಂದ. ಶಿವಾನಂದನ ಕೆಲಸ ನಂಬಬೇಡಿರಿ ಅಂತ. ಯಾರೂ ನಿನ್ನನ್ನು ಇಟ್ಟುಕೊಳ್ಳಲಿಲ್ಲ. ಕೆಟ್ಟದ್ದು ಅವನಿಂದ, ನನ್ನಿಂದಲ್ಲ ಅಂತ ಹೇಳಿ ಹೇಳಿಯೇ ಅವನು ಸಾವಕಾಶ ಗ್ಯಾರೇಜು ಹಾಕಿದ. ಬೋರ್ಡಿನ ಮೇಲೆ ಒಂದೇ ಹೆಸರು. ನೀನು ಇಲ್ಲಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರಲಿಕ್ಕೆ ನಿಂತಿ. ಒಮ್ಮೆ ಅಲ್ಲಿ ಎದುರಾದಿ. ಬೆನ್ನ ಮೇಲೆ ಚೀಲ ಇತ್ತು, ಆದರೂ ನಿಂತು "ಆರಾಮ ಅದೀರೇನವ್ವಾ?" ಅಂದಿ. ಆರಾಮ ಅಂದೆ. ಅವತ್ತೂ ಹೇಳಲಿಲ್ಲ.

ವರ್ಷಗಟ್ಟಲೆ ಹಾಗೇ ಕಳೆದು, ಹೋದ ಬೇಸಿಗೆಗೆ ಮಗನ ಮುಂದೆ ಹೇಳಿದೆ. ಅವನು ನಕ್ಕ. "ನಿನಗ ಅರವತ್ತು ದಾಟಿ ಎಷ್ಟೋ ಆತವ್ವಾ, ಅವನ ಮ್ಯಾಲೆ ಮಾಯಾ-ಮಮತಾ ಬಂದು ಕತಿ ಕಟ್ಟಾಕತ್ತೀದಿ" ಅಂದ.

ಹಿತ್ತಲಲ್ಲಿ ಆ ಗಾಡಿಯ ಹಳೇ ಬಾಗಿಲು ಒಂದು ಬಿದ್ದಿತ್ತು. ನೀವೇ ಕಿತ್ತು ಬೇರೆ ಹಾಕಿದ್ದಿರಿ, ಅದು. ತಳ ಕರಗಿತ್ತು, ಮೇಲಿನ ತಗಡು ಗಟ್ಟಿ ಇತ್ತು. ನೀನು ಮಾಡುತ್ತಿದ್ದ ಹಾಗೆ ತಿಕ್ಕಿದೆ. ನನ್ನ ಕೈಯಲ್ಲಿ ಕಸುವಿಲ್ಲ, ಬಹಳ ದಿನ ಹಿಡಿಯಿತು. ಬೆಳ್ಳಗಾದ ಮೇಲೆ ಅರ್ಧಕ್ಕೆ ಮಜ್ಜಿಗಿ ಮೆಣಸಿನಕಾಯಿ ಹರವಿದೆ, ಅರ್ಧ ಹಾಗೇ ಬಿಟ್ಟೆ. ಒರೆಸಿದೆ, ಹೊಳೆಯುವ ತನಕ ತಿಕ್ಕಿದೆ. ಎರಡೂ ಅರ್ಧಕ್ಕೆ ಒಂದೇ ಡಬ್ಬಿಯ ಪ್ರೈಮರ್, ಒಂದೇ ಡಬ್ಬಿಯ ಬಣ್ಣ ಬಳಿದು ಮಳೆಗೆ ನಿಲ್ಲಿಸಿದೆ.

ಅರ್ಧ ಗುಳ್ಳೆ ಎದ್ದಿತು. ಅರ್ಧ ಹಾಗೇ ಉಳಿಯಿತು.

ಮಲ್ಲೇಶಿಯನ್ನು ಕರೆದು ತೋರಿಸಿದೆ. ಬಗ್ಗಿ ಎರಡೂ ಅರ್ಧ ನೋಡಿದ. ಬಣ್ಣದ ಕೆಲಸ ಮಾಡುವವನು, ಅವನಿಗೆ ಬಿಡಿಸಿ ಹೇಳಬೇಕಾಗಿದ್ದಿಲ್ಲ. ಒಂದು ಗುಳ್ಳೆ ಮೇಲೆ ಬೆರಳಿಟ್ಟ, ಒಡೆಯಲಿಲ್ಲ.

"ಇದನ್ನ ಗುಜರಿಗೆ ಹಾಕವ್ವಾ" ಅಂದ. "ಮಂದಿ ಮುಂದ ಮಾತಾಡಬ್ಯಾಡ."

ಅವನು ನಂಬಿದ, ಶಿವಾನಂದ. ನಂಬಿ, ಕೈ ತೊಳೆದುಕೊಂಡು ಉಣ್ಣಲಿಕ್ಕೆ ಕುಂತ. ಇಷ್ಟು ದಿನ ಆ ಸುಳ್ಳು ನನ್ನೊಬ್ಬಾಕೀದು ಇತ್ತು. ಈಗ ಅವನದೂ ಆಯಿತು. ಅದನ್ನು ಅವನಿಗೆ ಕೊಟ್ಟಾಕಿಯೂ ನಾನೇ.

ನಿನಗೆ ಇದರಿಂದ ಏನೂ ಬರೋದಿಲ್ಲ. ಚೀಲ ಹೊತ್ತು ಬಗ್ಗಿದ ಬೆನ್ನು ನೆಟ್ಟಗಾಗೋದಿಲ್ಲ, ಈ ವಯಸ್ಸಿಗೆ ಯಾರೂ ನಿನ್ನ ಕೈಗೆ ಗಾಡಿ ಕೊಡೋದಿಲ್ಲ. ಕ್ಷಮಾ ಮಾಡು ಅಂತ ನಾನು ಕೇಳೋದೂ ಇಲ್ಲ.

ಬಾಗಿಲನ್ನು ಗುಜರಿಗೆ ಹಾಕಿಲ್ಲ. ಎಳೆದುಕೊಂಡು ಬಂದು ಮನೆ ಮುಂದಿನ ಗೋಡೆಗೆ ಆನಿಸಿದ್ದೇನೆ, ಗುಳ್ಳೆ ಎದ್ದ ಮಗ್ಗಲು ಓಣಿ ಕಡೆಗೆ. ಮಲ್ಲೇಶಿ ಎರಡು ಸಲ ತೆಗೆದು ಹಿತ್ತಲಿಗೆ ಒಗೆದ. ಎರಡು ಸಲ ತಿರುಗಿ ತಂದಿಟ್ಟೆ. ಹೋಗೋರು ಬರೋರು ಇದೇನಬೇ ಮುದುಕಿ ಅಂತ ಕೇಳುತ್ತಾರೆ. ಹೇಳುತ್ತೇನೆ. ನಿನ್ನ ಹೆಸರು ಹಿಡಿದೇ ಹೇಳುತ್ತೇನೆ. ಕೆಲವರು ನಿಂತು ಕೇಳುತ್ತಾರೆ, ಕೆಲವರು ನಡೆದುಬಿಡುತ್ತಾರೆ.

ನೀನು ಈ ಓಣಿಗೆ ಬರೋದಿಲ್ಲ, ಗೊತ್ತು. ಬಾಗಿಲು ಅಲ್ಲೇ ಇರತೈತಿ.